ಕತ್ತಿನ ಕಪ್ಪು ಉಜ್ಜಿದರೆ ಹೋಗುವುದಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಹೆಣ್ಣುಮಕ್ಕಳು ಬರೆದ ಪತ್ರಗಳಲ್ಲಿ ಹೆಚ್ಚಿನವು ಚರ್ಮದ ಬಗ್ಗೆ. ತೊಂದರೆಯ ಮೂಲ ಮಾತ್ರ ಒಳಗಿದೆ: ಇನ್ಸುಲಿನ್, ಅಂಡಾಶಯ, ಥೈರಾಯ್ಡ್, ಲಿವರ್. ಹಾಗಾಗಿ ಚರ್ಮತಜ್ಞರು, ಹಾರ್ಮೋನು ತಜ್ಞರು ಒಟ್ಟಿಗೆ ಕೂತು ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಮಗಳಿಗೆ 19 ವರ್ಷ. ಎತ್ತರ ಐದು ಅಡಿ ಎರಡಂಗುಲ, ತೂಕ 72 ಕೆ.ಜಿ. ಎರಡು ವರ್ಷದಿಂದ ಕತ್ತಿನ ಸುತ್ತ, ಕಂಕುಳಲ್ಲಿ ಕಪ್ಪಾಗಿದೆ. ಕುತ್ತಿಗೆಯಲ್ಲಿ ಸಣ್ಣ ಸಣ್ಣ ನರುಲಿಗಳೂ ಎದ್ದಿವೆ. ಸರಿಯಾಗಿ ಸ್ನಾನ ಮಾಡಲ್ಲ ಅಂತ ನಮ್ಮತ್ತೆ ದಿನಾ ಬೈತಾರೆ. ಕಡಲೆಹಿಟ್ಟು, ನಿಂಬೆಹಣ್ಣು, ಸಕ್ಕರೆ ಎಲ್ಲ ಹಾಕಿ ಉಜ್ಜಿದ್ದಾಯಿತು. ಉರಿ ಬಂತೇ ಹೊರತು ಕಪ್ಪು ಹೋಗಲಿಲ್ಲ. ಯಾವ ಕ್ರೀಮು ಹಚ್ಚಬೇಕು? (ತುಮಕೂರು)

ಕ್ರೀಮಿನ ಮಾತು ಆಮೇಲೆ. ಮೊದಲು ಅತ್ತೆಯವರಿಗೆ ಇದನ್ನು ಓದಿ ಹೇಳಿ: ನೀವು ಬರೆದ ಲಕ್ಷಣ ನೋಡಿದರೆ ಅದು ಕೊಳೆಯಲ್ಲ. ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಇಂಜೆಕ್ಷನ್ ಕೊಡುವಾಗ ಒರೆಸುವ ಸ್ಪಿರಿಟ್ ಇರುತ್ತದಲ್ಲ, ಅದನ್ನು ಹತ್ತಿಗೆ ಹಾಕಿಕೊಂಡು, ಉರಿಯಿರುವ ಜಾಗ ಬಿಟ್ಟು, ಒಂದು ಕಡೆ ಮೆಲ್ಲಗೆ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತಿ ಕೆಳಗಿನ ಚರ್ಮ ತಿಳಿಯಾಗಿ ಕಂಡರೆ ಅದು ಮೇಲೆ ಕೂತ ಸತ್ತ ಚರ್ಮ ಮತ್ತು ಕೊಳೆ. ಹತ್ತಿ ಬೆಳ್ಳಗೇ ಉಳಿದು, ಬೆರಳಾಡಿಸಿದಾಗ ಚರ್ಮ ಮಖಮಲ್ಲಿನಂತೆ ದಪ್ಪಗೆ, ಅಡ್ಡಡ್ಡ ಗೆರೆಗೆರೆಯಾಗಿ ಸಿಕ್ಕರೆ ಅದು ಅಕ್ಯಾಂಥೋಸಿಸ್ ನೈಗ್ರಿಕಾನ್ಸ್. ಬೆರಳ ಗೆಣ್ಣುಗಳ ಮೇಲೂ ಹೀಗೆ ಕಪ್ಪಾಗಿದೆಯೇ ನೋಡಿ, ಅಲ್ಲಿಯೂ ಬರುತ್ತದೆ.

ಇದು ಬರುವ ದಾರಿ ಹೀಗೆ. ಮೈಯ ಜೀವಕೋಶಗಳು ಇನ್ಸುಲಿನ್ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ರಕ್ತದಲ್ಲಿ ಹೀಗೆ ತುಂಬಿಕೊಂಡ ಇನ್ಸುಲಿನ್ ಚರ್ಮದಲ್ಲಿ ಬೆಳವಣಿಗೆಗೆಂದು ಇರುವ ಗ್ರಾಹಕಗಳಿಗೂ ಅಂಟಿಕೊಳ್ಳುತ್ತದೆ. ಚರ್ಮದ ಮೇಲ್ಪದರ ಬೇಕಾದ್ದಕ್ಕಿಂತ ಹೆಚ್ಚು ಬೆಳೆದು ಮಡಿಕೆಮಡಿಕೆಯಾಗುತ್ತದೆ. ನರುಲಿ ಏಳುವುದಕ್ಕೂ ಇದೇ ನಂಟು. ಇಲ್ಲಿ ಗಮನಿಸಬೇಕಾದ್ದು, ಕಪ್ಪಾಗಿ ಕಾಣುವುದು ಮುಖ್ಯವಾಗಿ ದಪ್ಪದಿಂದ, ಬಣ್ಣ ಹೆಚ್ಚಿದ್ದರಿಂದಲ್ಲ. ಬ್ಲೀಚು, ಫೇರ್‌ನೆಸ್ ಕ್ರೀಮು ಕೆಲಸ ಮಾಡದಿರುವುದು ಅದಕ್ಕೇ. ಉಜ್ಜುವುದಂತೂ ಕೂಡದು. ತಿಕ್ಕಿದಷ್ಟೂ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ದಪ್ಪಗಾಗುತ್ತದೆ, ಉರಿಯೆದ್ದ ಕಡೆ ಹೊಸ ಕಲೆ ಬೀಳುತ್ತದೆ.

ಈಗ ಒಂದು ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಬಿಗಿಯದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಆಮೇಲೆ ಗ್ಲೂಕೋಸ್ ಸಹಿಷ್ಣುತಾ ಪರೀಕ್ಷೆ ಮಾಡಿಸಿ. ರಾತ್ರಿ ಊಟವಾಗಿ ಎಂಟು ತಾಸು ಕಳೆದ ಮೇಲೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಐದು ನಿಮಿಷದೊಳಗೆ ಕುಡಿದು, ಎರಡು ತಾಸು ಓಡಾಡದೆ ಕೂತು ಮತ್ತೆ ರಕ್ತ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಅಥವಾ ಎರಡು ತಾಸಿನ ಬಳಿಕ 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾಳೆ ಎಂದರ್ಥ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಆ ಅಂಕಿ ಇರುವುದಕ್ಕಿಂತ ಮೇಲೆ ಬರಬಹುದು, ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. ಇನ್ಸುಲಿನ್ ಮಟ್ಟವನ್ನೇ ಅಳೆಯುವ ದುಬಾರಿ ಪರೀಕ್ಷೆ ಬೇಕಿಲ್ಲ, ಕತ್ತೇ ಆ ಸುದ್ದಿ ಹೇಳಿಯಾಗಿದೆ. ಅವಳ ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿ.

72 ಕೆ.ಜಿ.ಯಲ್ಲಿ ನಾಲ್ಕರಿಂದ ಏಳು ಕೆ.ಜಿ. ಇಳಿದರೂ ಇನ್ಸುಲಿನ್ ಇಳಿಯುತ್ತದೆ, ಕತ್ತು ನಿಧಾನಕ್ಕೆ ಮೆತ್ತಗಾಗಿ ತಿಳಿಯಾಗುತ್ತದೆ. ಉಪವಾಸ ಕೆಡವಬೇಡಿ. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ, ಕಾಲು ಭಾಗ ಬೇಳೆ, ಕಾಳು ಅಥವಾ ಮೊಟ್ಟೆ, ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ. ‘ಮುದ್ದೆ ಎಷ್ಟು ತಿಂದರೂ ಶುಗರ್ ಬರಲ್ಲ’ ಎಂಬ ಮಾತು ನಿಮ್ಮ ಕಡೆ ಜೋರಾಗಿದೆ. ರಾಗಿಯಲ್ಲಿ ನಾರು, ಸುಣ್ಣ ಹೆಚ್ಚು ನಿಜ, ಪಿಷ್ಟವೂ ಧಾರಾಳವಾಗಿದೆ. ಎರಡು ಮುದ್ದೆ ಉಂಡು ಮೇಲೊಂದಿಷ್ಟು ಅನ್ನ ಕಲಸಿದರೆ ಲೆಕ್ಕ ತಪ್ಪುತ್ತದೆ. ವಾರಕ್ಕೆ 150 ನಿಮಿಷ ಮೈ ಬೆಚ್ಚಗಾಗುವ ನಡಿಗೆ, ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡುವ ವ್ಯಾಯಾಮ ಇರಲಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬೇಕೇ ಎಂಬುದು ಪರೀಕ್ಷೆ ನೋಡಿ ವೈದ್ಯರು ಹೇಳಬೇಕಾದ್ದು.

ಹಚ್ಚಲು 12 ಶೇಕಡಾ ಲ್ಯಾಕ್ಟಿಕ್ ಆ್ಯಸಿಡ್ ಅಥವಾ 10ರಿಂದ 20 ಶೇಕಡಾ ಯೂರಿಯಾ ಇರುವ ಲೋಷನ್ ರಾತ್ರಿ ಹೊತ್ತು ಸಾಕು. ಈಗಿನ ಉರಿ ಪೂರ್ತಿ ಆರಿದ ಮೇಲೆ, ದಿನ ಬಿಟ್ಟು ದಿನ ಶುರು ಮಾಡಿ. ಮೂರು ತಿಂಗಳಿಗೆ ಮುಂಚೆ ಬದಲಾವಣೆ ಹುಡುಕಬೇಡಿ. ಇದೇ ಕಪ್ಪು ನಡುವಯಸ್ಸು ದಾಟಿದ, ತೆಳ್ಳಗಿರುವ ವ್ಯಕ್ತಿಯಲ್ಲಿ ಕೆಲವೇ ತಿಂಗಳಲ್ಲಿ ಹಬ್ಬಿ, ಬಾಯೊಳಗೆ ಅಥವಾ ಅಂಗೈಯಲ್ಲೂ ಕಂಡು, ತೂಕ ಇಳಿಯುತ್ತಿದ್ದರೆ ಕಥೆ ಬೇರೆ. ಹೊಟ್ಟೆಯ ಕ್ಯಾನ್ಸರ್ ಹಾಗೆ ಕಾಣಿಸಿಕೊಳ್ಳುವುದುಂಟು, ತಡಮಾಡದೆ ತೋರಿಸಬೇಕು.

ನನಗೆ 24. ಮುಟ್ಟು ಎರಡು ತಿಂಗಳಿಗೊಮ್ಮೆ, ಒಮ್ಮೊಮ್ಮೆ ನಾಲ್ಕು ತಿಂಗಳಿಗೂ ಬರುತ್ತದೆ. ಗದ್ದದ ಮೇಲೆ ದಪ್ಪ ಕೂದಲು, ಹತ್ತು ದಿನಕ್ಕೊಮ್ಮೆ ಥ್ರೆಡಿಂಗ್ ಮಾಡಿಸುತ್ತೇನೆ. ದವಡೆಯ ಸಾಲಿನಲ್ಲಿ ನೋಯುವ ಮೊಡವೆ. ಸ್ಕ್ಯಾನಿಂಗ್‌ನಲ್ಲಿ ಪಿಸಿಓಡಿ, ಗಡ್ಡೆಗಳಿವೆ ಅಂದರು. ‘ಲಗ್ನ ಆದ್ರ ಎಲ್ಲಾ ಸರಿ ಆಗ್ತದ’ ಅಂತಾಳ ಅವ್ವ. ಲೇಸರ್ ಮಾಡಿಸಿದರೆ ಕೂದಲು ಕಾಯಂ ಹೋಗುತ್ತದೆಯೇ? (ಹುಬ್ಬಳ್ಳಿ)

ಅವು ಗಡ್ಡೆಗಳಲ್ಲ. ಪೂರ್ತಿ ಬಲಿಯದೆ ಅರ್ಧಕ್ಕೆ ನಿಂತ ಅಂಡಕೋಶಗಳು, ತೆಗೆಸುವ ಪ್ರಶ್ನೆಯೇ ಬರುವುದಿಲ್ಲ. ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನು ಹೆಚ್ಚಾದ ಗುರುತು, ಈ ಎರಡೂ ಇದ್ದು, ಬೇರೆ ಕಾರಣ ಇಲ್ಲವೆಂದು ಖಚಿತವಾದರೆ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಎನ್ನಲು ಸ್ಕ್ಯಾನಿಂಗ್ ಕೂಡ ಬೇಕಾಗುವುದಿಲ್ಲ. ಲಗ್ನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವ್ವನಿಗೆ ಸಮಾಧಾನದಿಂದ ಹೇಳಿ.

ಬೇರೆ ಕಾರಣ ಇಲ್ಲವೆಂದು ತಿಳಿಯಲು ಥೈರಾಯ್ಡಿನ ಸ್ಥಿತಿ ಹೇಳುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಒಟ್ಟು ಟೆಸ್ಟೋಸ್ಟಿರೋನ್, 17-ಹೈಡ್ರಾಕ್ಸಿಪ್ರೊಜೆಸ್ಟಿರೋನ್ ನೋಡಬೇಕು. ಈ ಕೊನೆಯದನ್ನು ಮುಟ್ಟಿನ 2ರಿಂದ 5ನೇ ದಿನದೊಳಗೆ, ಬೆಳಿಗ್ಗೆ ಎಂಟರ ಸುಮಾರಿಗೆ ಕೊಟ್ಟರೇ ಅರ್ಥ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟಿನ ದೋಷವೊಂದು ಪಿಸಿಓಎಸ್‌ನಂತೆಯೇ ಕಾಣುತ್ತದೆ, ಅದನ್ನು ಹಿಡಿಯುವುದು ಇದರಲ್ಲೇ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಹಾರ್ಮೋನು ವರದಿ ದಾರಿ ತಪ್ಪಿಸುತ್ತದೆ, ಮೂರು ತಿಂಗಳ ಹಿಂದೆಯೇ ನಿಲ್ಲಿಸಿರಬೇಕು. ಮೇಲೆ ಹೇಳಿದ ಗ್ಲೂಕೋಸ್ ಪರೀಕ್ಷೆ ನಿಮಗೂ ಬೇಕು. ಇನ್ಸುಲಿನ್ ಹೆಚ್ಚಿದಾಗ ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ, ಅದನ್ನು ಕಟ್ಟಿಹಾಕುವ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತದೆ. ಎರಡು ಕಡೆಯಿಂದಲೂ ಪೆಟ್ಟು. ಗದ್ದದ ಎಳೆರೋಮ ಹುರಿಗಟ್ಟಿ ದಪ್ಪ ಕೂದಲಾಗುವುದು, ಎಣ್ಣೆ ಗ್ರಂಥಿ ಉಬ್ಬಿ ಮೊಡವೆಯಾಗುವುದು ಇದರಿಂದಲೇ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಮುಖವಲ್ಲ, ಮುಟ್ಟು. 90 ದಿನ ದಾಟಿಯೂ ಬರದಿದ್ದರೆ ವೈದ್ಯರಿಂದ ಮಾತ್ರೆ ಪಡೆದು ಬರಿಸಿಕೊಳ್ಳಿ. ಗರ್ಭಕೋಶದ ಒಳಪದರ ಹೊರಬೀಳದೆ ದಪ್ಪಗಾಗುತ್ತಲೇ ಹೋದರೆ ಮುಂದೆ ಕ್ಯಾನ್ಸರಿನ ಅಪಾಯವಿದೆ. ಸಾಮಾನ್ಯವಾಗಿ ಎರಡು ಹಾರ್ಮೋನಿರುವ ಗರ್ಭನಿರೋಧಕ ಮಾತ್ರೆಯಿಂದ ಮುಟ್ಟು, ಮೊಡವೆ, ಕೂದಲು ಮೂರೂ ಹಿಡಿತಕ್ಕೆ ಬರುತ್ತವೆ. ಕಣ್ಣಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಏರಿದ ಬಿ.ಪಿ. ಇದ್ದವರಿಗೆ ಅದು ಸಲ್ಲದು. ಆರು ತಿಂಗಳಾದರೂ ಕೂದಲು ಜಗ್ಗದಿದ್ದರೆ ಗಂಡು ಹಾರ್ಮೋನಿಗೆ ತಡೆಯೊಡ್ಡುವ ಸ್ಪೈರೊನೊಲ್ಯಾಕ್ಟೋನ್ 50ರಿಂದ 100 ಮಿ.ಗ್ರಾಂ. ಸೇರಿಸುತ್ತಾರೆ. ಅದನ್ನು ತೆಗೆದುಕೊಳ್ಳುವಾಗ ಗರ್ಭ ನಿಲ್ಲಲೇಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆ ಕೆಡುತ್ತದೆ. ಮದುವೆ ಮಾತುಕತೆ ನಡೆದಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಔಷಧಿಯ ಆಯ್ಕೆಯೇ ಬದಲಾಗುತ್ತದೆ.

ಲೇಸರಿಗೆ ಬರೋಣ. ಕಾಯಂ ಅಂದರೆ ಸುಳ್ಳಾಗುತ್ತದೆ. ಕೂದಲು ಬಹಳ ಕಡಿಮೆಯಾಗುತ್ತದೆ, ಎಳೆ ತೆಳುವಾಗುತ್ತದೆ, ಒಳಗಿನ ಹಾರ್ಮೋನು ಹಾಗೇ ಇದ್ದರೆ ಹೊಸ ಬೇರುಗಳು ಏಳುತ್ತವೆ. ನಮ್ಮ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ, ಅನುಭವಸ್ಥರ ಕೈಯಲ್ಲಿ ಡಯೋಡ್ ಕೂಡ ಆದೀತು. ‘ಯಾವ ಮೆಷಿನ್ನು, ಯಾವ ತರಂಗಾಂತರ’ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ನಾಲ್ಕರಿಂದ ಆರು ವಾರಕ್ಕೊಂದರಂತೆ ಆರರಿಂದ ಎಂಟು ಸಲ ಬೇಕು. ಎಷ್ಟೋ ಜನ ದುಡ್ಡು ಕಳೆದುಕೊಳ್ಳುವುದು ಥ್ರೆಡಿಂಗ್‌ನಿಂದ. ಲೇಸರು ಸುಡುವುದು ಬೇರಿನಲ್ಲಿರುವ ಕಪ್ಪನ್ನು, ಥ್ರೆಡಿಂಗ್, ವ್ಯಾಕ್ಸಿಂಗ್ ಬೇರನ್ನೇ ಕಿತ್ತಿರುತ್ತದೆ. ನಾಲ್ಕು ವಾರ ಮೊದಲೇ ಅವನ್ನು ನಿಲ್ಲಿಸಿ, ಹಿಂದಿನ ದಿನ ರೇಜರ್ ಆಡಿಸಿಕೊಂಡು ಹೋಗಿ. ರೇಜರಿನಿಂದ ಕೂದಲು ದಪ್ಪವಾಗುವುದಿಲ್ಲ. ಚೂಪಾದ ತುದಿ ಮೊಂಡಾಗಿ ಬೆರಳಿಗೆ ಒರಟು ಹತ್ತುತ್ತದೆ, ಅಷ್ಟೇ.

ಮೊಡವೆಗೆ ರಾತ್ರಿ ಅಡಾಪಲೀನ್ 0.1 ಶೇಕಡಾ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ತೊಳೆದು 20 ನಿಮಿಷ ಒಣಗಿದ ಮೇಲೆ. ಬರೀ ಗುಳ್ಳೆಯ ಮೇಲಿಡಬೇಡಿ, ನಾಳೆ ಏಳುವ ಗುಳ್ಳೆ ಪಕ್ಕದಲ್ಲಿ ಕೂತಿರುತ್ತದೆ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡಾ, ದುಪಟ್ಟಾ ತಾಗಿದರೆ ಬಣ್ಣ ಬಿಡುತ್ತದೆ, ನೋಡಿಕೊಳ್ಳಿ. ಮೊದಲ ತಿಂಗಳು ಮೊಡವೆ ಹೆಚ್ಚಾದಂತೆ ಕಂಡರೂ 12 ವಾರ ಬಿಡದೆ ಹಚ್ಚಿ. ಗರ್ಭ ಧರಿಸುವ ಯೋಚನೆ ಬಂದಾಗ ಅಡಾಪಲೀನ್ ನಿಲ್ಲಿಸಬೇಕು.

ಕೂದಲು ಕೆಲವೇ ತಿಂಗಳಲ್ಲಿ ಎದೆ, ಬೆನ್ನಿಗೂ ಹಬ್ಬಿ ದನಿ ಗಡುಸಾದರೆ ಅಥವಾ ಟೆಸ್ಟೋಸ್ಟಿರೋನ್ ಡೆಸಿಲೀಟರಿಗೆ 150–200 ನ್ಯಾನೋಗ್ರಾಂ ದಾಟಿದರೆ ಪಿಸಿಓಎಸ್ ಎಂದು ಸುಮ್ಮನಿರಬಾರದು. ಅಂಡಾಶಯ ಅಥವಾ ಅಡ್ರಿನಲ್‌ನಲ್ಲಿ ನಿಜವಾದ ಗಡ್ಡೆ ಇದೆಯೇ ಎಂದು ಹುಡುಕಬೇಕು.

ಎರಡನೇ ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಬಂತು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು ಹಚ್ಚಿದ ಹದಿನೈದು ದಿನಕ್ಕೇ ಮುಖ ಬೆಳ್ಳಗಾಯಿತು. ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. ಈಗ ಒಲೆ ಮುಂದೆ ನಿಂತರೂ ಮುಖ ಕೆಂಪೇರಿ ಉರಿಯುತ್ತದೆ, ಕೆನ್ನೆಯಲ್ಲಿ ರೋಮ, ಮೊಡವೆ. ಬಿಟ್ಟರೆ ಮೊದಲಿಗಿಂತ ಕಪ್ಪಾಗುತ್ತದೆ. (ಶಿವಮೊಗ್ಗ, 38 ವರ್ಷ)

ಟ್ಯೂಬಿನ ಹಿಂಬದಿ ತಿರುಗಿಸಿ, ಸಣ್ಣಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲುಸಿನೋಲೋನ್, ಕ್ಲೋಬೆಟಾಸೋಲ್, ಇವುಗಳಲ್ಲೊಂದು ಇದ್ದರೆ ಅದು ಸ್ಟೀರಾಯ್ಡ್. ಬಂಗಿಗೆ ಕೊಡುವ ಮೂರು ಔಷಧಿಯ ಮಿಶ್ರಣದಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಇದೂ ಇರುತ್ತದೆ. ವೈದ್ಯರ ಕಣ್ಣಳತೆಯಲ್ಲಿ ಎಂಟು ಹನ್ನೆರಡು ವಾರ ಹಚ್ಚಿ ನಿಲ್ಲಿಸಬೇಕಾದ್ದನ್ನು ಎರಡು ವರ್ಷ ಸ್ನೋ ಹಚ್ಚಿದ ಹಾಗೆ ಹಚ್ಚಿದ್ದೀರಿ. ತಪ್ಪು ನಿಮ್ಮದೆನ್ನಲಾರೆವು. 2018ರಿಂದಲೇ ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಕೌಂಟರಿನಲ್ಲಿ ಕೇಳಿದರೆ ಇವತ್ತಿಗೂ ಸಿಗುತ್ತವೆ. ನೋಡಿದಾಗೆಲ್ಲ ಹೊಟ್ಟೆ ಉರಿಯುವ ಸಂಗತಿ ಇದು.

ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸಿ ರಕ್ತನಾಳಗಳನ್ನು ಹಿಗ್ಗಿಸಿದೆ, ಬಿಸಿ ತಾಗಿದರೆ ಕೆಂಪಾಗುವುದು ಅದಕ್ಕೆ. ಬಿಟ್ಟೊಡನೆ ಉರಿ, ಊತ, ಗುಳ್ಳೆ ಮರುಕಳಿಸುತ್ತವೆ, ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತೀರಿ. ಚರ್ಮತಜ್ಞರನ್ನು ಕಂಡೇ ಬಿಡಿಸಿಕೊಳ್ಳಿ. ಮೃದು ಸ್ಟೀರಾಯ್ಡಿಗೆ ಇಳಿಸಿ ನಿಲ್ಲಿಸುವುದು, ಟ್ಯಾಕ್ರೊಲಿಮಸ್ ಮುಲಾಮು, ಗುಳ್ಳೆಗೆ ಕೆಲವು ವಾರ ಡಾಕ್ಸಿಸೈಕ್ಲಿನ್, ಹೀಗೆ ದಾರಿಗಳಿವೆ. ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದರೆ ಮರೆಯದೆ ಹೇಳಿ. ಅಷ್ಟು ಕಾಲ ವಾಸನೆಯಿಲ್ಲದ ಮಾಯಿಶ್ಚರೈಸರ್, ತಣ್ಣೀರು, ಅಷ್ಟೇ. ಫೇಶಿಯಲ್, ಬ್ಲೀಚ್, ಅರಿಶಿನ ನಿಂಬೆ ಎಲ್ಲ ಬಂದ್. ತಿಂಗಳುಗಟ್ಟಲೆ ತಾಳ್ಮೆ ಬೇಕಾಗುತ್ತದೆ, ಎರಡನೇ ವಾರ ಅತಿ ಕಷ್ಟ ಎಂದು ಮೊದಲೇ ತಿಳಿದಿದ್ದರೆ ದಾಟುವುದು ಸುಲಭ.

ಬಂಗಿನ ಬೇರು ಬಸುರಿನ ಹಾರ್ಮೋನು ಮತ್ತು ಬೆಳಕು. ಗರ್ಭನಿರೋಧಕ ಮಾತ್ರೆ ನಡೆದಿದ್ದರೆ ಬೇರೆ ವಿಧಾನದ ಬಗ್ಗೆ ಕೇಳಿ. ಸನ್‌ಸ್ಕ್ರೀನು ಎಸ್‌ಪಿಎಫ್ 30ರ ಮೇಲಿರಲಿ, ಐರನ್ ಆಕ್ಸೈಡ್ ಇರುವ, ಮೈಬಣ್ಣ ಬೆರೆಸಿದ್ದೇ ಆಗಲಿ. ಬಂಗನ್ನು ಕೆರಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಬಿಳಿ ಸನ್‌ಸ್ಕ್ರೀನು ಅದನ್ನು ಅಷ್ಟಾಗಿ ತಡೆಯದು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಕತ್ತಿಗೆ ಸರಿಹೋಗುತ್ತದೆ. ಚರ್ಮ ಚೇತರಿಸಿಕೊಂಡ ಮೇಲೆ ಅಜೆಲಾಯಿಕ್ ಆ್ಯಸಿಡ್ 15–20 ಶೇಕಡಾ ಒಳ್ಳೆಯದು. ಬಂಗಿಗೆಂದು ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆಯನ್ನು ಯಾರದೋ ಮಾತು ಕೇಳಿ ನುಂಗಬೇಡಿ. ಗರ್ಭನಿರೋಧಕ ಮಾತ್ರೆಯ ಜೊತೆ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ.

ಥೈರಾಯ್ಡಿಗೆ 75 ಮೈಕ್ರೋಗ್ರಾಂ ಮಾತ್ರೆ ತಿನ್ನುತ್ತಿದ್ದೆ. ಕೂದಲು ಉದುರುತ್ತಿದೆ ಎಂದು ನಾನೇ ಬಯೋಟಿನ್ ವಿಟಮಿನ್ 10 ಮಿ.ಗ್ರಾಂ. ಶುರು ಮಾಡಿದೆ. ಆಮೇಲೆ ಟಿಎಸ್‌ಎಚ್ 0.2 ಬಂತೆಂದು ಡೋಸ್ 50ಕ್ಕೆ ಇಳಿಸಿದರು. ಈಗ ಚರ್ಮ ಒಣಗಿ ಬಿರುಕು ಬಿಟ್ಟಿದೆ, ಚಳಿ ತಡೆಯಲಾಗುತ್ತಿಲ್ಲ, ಹುಬ್ಬಿನ ಹೊರತುದಿ ಉದುರಿದೆ. (ಮೈಸೂರು, 45 ವರ್ಷ)

ಅನುಮಾನ ಬಯೋಟಿನ್ ಮೇಲೆ. ಅದು ನಿಮ್ಮ ಥೈರಾಯ್ಡನ್ನು ಕೆಡಿಸಿಲ್ಲ, ಲ್ಯಾಬಿನ ಲೆಕ್ಕವನ್ನು ಕೆಡಿಸಿರಬಹುದು. ಹಲವು ಯಂತ್ರಗಳು ಬಯೋಟಿನ್ ಅಂಟಿಸಿಯೇ ಹಾರ್ಮೋನು ಅಳೆಯುತ್ತವೆ. ರಕ್ತದಲ್ಲಿ ಅದೇ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಥೈರಾಯ್ಡ್ ಹಾರ್ಮೋನಾದ ಟಿ4 ಸುಳ್ಳೇ ಜಾಸ್ತಿ ತೋರುತ್ತದೆ, ಅಂದರೆ ಮಾತ್ರೆ ಹೆಚ್ಚಾದಂತೆ ಕಾಣುತ್ತದೆ. ಹುಬ್ಬಿನ ಹೊರತುದಿ, ಒಣಚರ್ಮ, ಚಳಿ ಎಲ್ಲ ಹಾರ್ಮೋನು ಸಾಲುತ್ತಿಲ್ಲ ಎನ್ನುತ್ತಿವೆ. ಬಯೋಟಿನ್ ನಿಲ್ಲಿಸಿ, ಕನಿಷ್ಠ ಎರಡು ದಿನ, ನಿಮ್ಮ ಡೋಸಿಗೆ ಮೂರು ದಿನವೇ ಇರಲಿ, ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಹಳೆಯ ವರದಿ, ಬಯೋಟಿನ್ ಡಬ್ಬಿ ಎರಡನ್ನೂ ವೈದ್ಯರ ಮುಂದಿಡಿ. ಜೊತೆಗೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡಿಸಿ, 30ಕ್ಕಿಂತ ಕಡಿಮೆಯಿದ್ದರೆ ಕೂದಲಿಗೆ ಬೇಕಾದ್ದು ಕಬ್ಬಿಣ.

ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರೀ ನೀರಲ್ಲಿ. ಕಾಫಿ ಅರ್ಧದಿಂದ ಒಂದು ತಾಸು ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ತಾಸಿನ ಅಂತರ. ಡೋಸ್ ಬದಲಾದರೆ ಆರರಿಂದ ಎಂಟು ವಾರದ ನಂತರವೇ ಟಿಎಸ್‌ಎಚ್. ಕೂದಲು ಮಾತ್ರ ಅಂಕಿ ಸರಿಯಾದ ಮೇಲೂ ಮೂರು ನಾಲ್ಕು ತಿಂಗಳು ಸತಾಯಿಸುತ್ತದೆ.

ಎದೆಯ ಕೆಳಗೆ, ಲಂಗದ ಲಾಡಿ ಕಟ್ಟುವಲ್ಲಿ ಕೆಂಪಾಗಿ ತುರಿಕೆ. ಮುಲಾಮು ಹಚ್ಚಿದರೆ ಹೋಗಿ ಮತ್ತೆ ಬರುತ್ತದೆ. ಶುಗರ್ ಇದೆ, ಮಾತ್ರೆ ಬದಲಾಯಿಸಿದ ಮೇಲೆ ಮೂತ್ರದ ಜಾಗದಲ್ಲೂ ತುರಿಕೆ, ಹೇಳಿಕೊಳ್ಳಲು ನಾಚಿಕೆ. (ಕಲಬುರಗಿ, 54 ವರ್ಷ)

ನಾಚಿಕೆ ಬೇಡ, ಬರೆದದ್ದು ಒಳ್ಳೆಯದಾಯಿತು. ಹೊಸ ಮಾತ್ರೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಆಗಿದೆಯೇ ನೋಡಿ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಆ ಸಕ್ಕರೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ನೀವಾಗಿ ನಿಲ್ಲಿಸದೆ ಬರೆದುಕೊಟ್ಟವರಿಗೆ ತಿಳಿಸಿ. ಅಲ್ಲಿನ ಚರ್ಮ ಬೆಳ್ಳಗೆ, ತೆಳ್ಳಗೆ ಕಾಣುತ್ತಿದ್ದರೆ ಅದು ಶಿಲೀಂಧ್ರವಲ್ಲ, ಮುಟ್ಟು ನಿಂತವರಲ್ಲಿ ಬರುವ ಬೇರೆ ಕಾಯಿಲೆ ಇರಬಹುದು, ಕಣ್ಣಾರೆ ನೋಡಿಯೇ ಔಷಧಿ ಕೊಡಬೇಕು.

ಎದೆ ಕೆಳಗಿನದಕ್ಕೆ ಹಚ್ಚುತ್ತಿರುವ ಮುಲಾಮಿನಲ್ಲೂ ಸ್ಟೀರಾಯ್ಡ್ ಸೇರಿರಬಹುದು, ಹೋಗಿ ಮತ್ತೆ ಬರುವುದು ಅದರ ಚಾಳಿ. ಬರೀ ಕ್ಲೋಟ್ರಿಮಜೋಲ್ 1 ಶೇಕಡಾ ದಿನಕ್ಕೆರಡು ಸಲ, ಪೂರ್ತಿ ವಾಸಿಯಾದ ಮೇಲೂ ಇನ್ನೊಂದೆರಡು ವಾರ. ಸ್ನಾನವಾದ ಮೇಲೆ ಒತ್ತಿ ಒರೆಸಿ, ಮಡಿಕೆಯಲ್ಲಿ ಒಗೆದ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ನೆನೆದಾಗ ಬದಲಿಸಿ. ಲಾಡಿಯ ಬದಲು ಮೂರು ಬೆರಳಗಲದ ಪಟ್ಟಿ ಹೊಲಿಸಿ, ದಿನಾ ಗಂಟಿನ ಜಾಗ ಬದಲಾಯಿಸಿ. ಲಾಡಿಯ ಗಾಯ ಒಂದೆರಡು ತಿಂಗಳಾದರೂ ಮಾಯದಿದ್ದರೆ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಅಪರೂಪಕ್ಕೆ ಅದು ಕ್ಯಾನ್ಸರಿಗೆ ತಿರುಗಿದ್ದುಂಟು.

ಎಂಟು ತಿಂಗಳ ಗರ್ಭಿಣಿ. ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಕೆ, ಗುಳ್ಳೆ ಏನೂ ಇಲ್ಲ. ಹೊಟ್ಟೆ ಹಿಗ್ಗುವಾಗ ತುರಿಸುವುದು ಸಹಜ ಅಂತಾರೆ, ಹೌದೇ? (ಮಂಗಳೂರು)

ಹೊಟ್ಟೆಯ ಮೇಲಾದರೆ ಸಹಜ. ಅಂಗೈ ಅಂಗಾಲಿನಲ್ಲಿ, ಗುಳ್ಳೆಯಿಲ್ಲದೆ, ರಾತ್ರಿ ಹೆಚ್ಚಾಗುವ ತುರಿಕೆ ಪಿತ್ತರಸ ಲಿವರಿನಲ್ಲಿ ಕಟ್ಟಿಕೊಂಡ ಗುರುತಾಗಿರಬಹುದು. ಈ ಪತ್ರಿಕೆ ಕೈಗೆ ಸಿಕ್ಕ ದಿನವೇ ಹೆರಿಗೆ ವೈದ್ಯರನ್ನು ಕಂಡು ಪಿತ್ತಾಮ್ಲ ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಪಿತ್ತಾಮ್ಲ 40 ದಾಟಿದರೆ ನಿಗಾ ಹೆಚ್ಚಬೇಕು, 100 ಮುಟ್ಟಿದರೆ ಮಗುವಿನ ಜೀವಕ್ಕೇ ಅಪಾಯವಿದ್ದು ಹೆರಿಗೆ ಬೇಗ ಮಾಡಿಸುತ್ತಾರೆ. ಮೊದಲ ವರದಿ ಸರಿಯಿದ್ದೂ ತುರಿಕೆ ನಿಲ್ಲದಿದ್ದರೆ ಒಂದೆರಡು ವಾರದಲ್ಲಿ ಮತ್ತೊಮ್ಮೆ ನೋಡಿಸಿ. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.